ಜಾತ್ರೆಗೆ ಹೊರಟಾಗ ಮನೆಗೆ ಕಾವಲು: ಬೀಟ್ ಪೊಲೀಸೋ, ಸಿಸಿಟಿವಿಯೋ?

ಬನದ ಹುಣ್ಣಿಮೆ ಹೊತ್ತಿಗೆ ಬನಶಂಕರಿ ಜಾತ್ರೆಗೆಂದು ಬಾಗಲಕೋಟೆ ನವನಗರದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಳ್ಳರಿಗೂ ಇದು ಗೊತ್ತು. ಹಾಗಾದರೆ ಕ್ಯಾಮೆರಾ ಹಾಕಿಸಬೇಕಾ, ಠಾಣೆಗೆ ಹೇಳಿ ಹೋದರೆ ಸಾಕಾ?

ಠಾಣೆಗೆ ಹೇಳೋಕೆ ಖರ್ಚೇ ಇಲ್ಲ. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ ಸಿಬ್ಬಂದಿಗೆ ವಹಿಸಿರುತ್ತಾರೆ. ಸೆಕ್ಟರ್, ಮನೆ ನಂಬರ್, ವಾಪಸ್ ಬರುವ ದಿನ ತಿಳಿಸಿದರೆ ರಾತ್ರಿ ಗಸ್ತಿನಲ್ಲಿ ಆ ಕಡೆ ಕಣ್ಣು ಹಾಯಿಸುತ್ತಾರೆ. ಹಾಗಂತ ಬೆಳಗಿನವರೆಗೆ ನಿಮ್ಮ ಗೇಟಿನ ಮುಂದೆಯೇ ನಿಲ್ಲೋಕಾಗಲ್ಲ, ಅಲ್ವಾ?

ಕ್ಯಾಮೆರಾ ಇಡೀ ರಾತ್ರಿ ಎಚ್ಚರ ಇರುತ್ತದೆ, ಆದರೆ ಓಡಿ ಬಂದು ಹಿಡಿಯಲ್ಲ. ಅದರಲ್ಲೂ ನಾವು ಹಾಕಿಸುವ ರೀತಿ ನೋಡಿ. ಮಾಳಿಗೆಯ ತುದಿಗೆ ಕಟ್ಟಿಸುತ್ತೇವೆ, ಕಳ್ಳನ ಮುಖದ ಬದಲು ಟೋಪಿ ಕಾಣುತ್ತದೆ. ರೆಕಾರ್ಡಿಂಗ್ ಡಬ್ಬಿಯನ್ನು ಟಿವಿ ಪಕ್ಕದಲ್ಲೇ ಇಡುತ್ತೇವೆ, ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ. ಕರೆಂಟ್ ಹೋದರೆ ಎಲ್ಲಾ ಬಂದ್. ಬಾಗಿಲ ಹತ್ತಿರ ಮುಖ ಕಾಣುವಷ್ಟು ಕೆಳಗೆ ಒಂದು ಕ್ಯಾಮೆರಾ, ಬೀಗ ಹಾಕಿದ ಕಪಾಟಿನಲ್ಲಿ ಡಬ್ಬಿ, ಜೊತೆಗೆ ಸಣ್ಣ ಯುಪಿಎಸ್. ಸುಮ್ನೆ ನಾಲ್ಕು ಕ್ಯಾಮೆರಾ ಹಾಕಿಸೋದಕ್ಕಿಂತ ಇದೇ ಮೇಲು. ತಾರೀಖು, ಸಮಯ ಸರಿ ಇದೆಯಾ ಅಂತಲೂ ನೋಡಿ. ತಪ್ಪಿದ್ದರೆ ತನಿಖೆಗೆ ತಲೆನೋವು.

ನನ್ನ ಕೇಳಿದರೆ ಮೊದಲು ಬೀಟ್, ದುಡ್ಡಿದ್ದರೆ ಕ್ಯಾಮೆರಾ. ಬಂಗಾರ ಮಾತ್ರ ಎರಡನ್ನೂ ನಂಬಿ ಮನೆಯಲ್ಲಿಡಬೇಡಿ, ಲಾಕರ್‌ಗೆ ಹಾಕಿ. ಮೊಬೈಲಿನಲ್ಲಿ ಯಾರಾದರೂ ನುಗ್ಗಿದ್ದು ಕಂಡರೆ ಪಕ್ಕದ ಮನೆಯ ಅಜ್ಜನನ್ನು ಎಬ್ಬಿಸಿ ಕಳಿಸಬೇಡಿ. 112ಕ್ಕೆ ಕರೆ ಮಾಡಿ, ನೀವಿರುವ ಜಾಗವಲ್ಲ, ಮನೆಯ ವಿಳಾಸವನ್ನೇ ಮೊದಲು ಹೇಳಿ.