ಚೆರ್ನೋಬಿಲ್ ಒಂದು ದಿನದ ಟೂರ್, ಬಾಡಿಗೆ ಮೀಟರ್ ಸಮೇತ: ತಡವಾದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಓದಿ ಬುಕ್ ಮಾಡಲು ಹೊರಡಬೇಡಿ. ರಷ್ಯ ಉಕ್ರೇನಿನ ಮೇಲೆ ಯುದ್ಧಕ್ಕೆ ಬಂದ 2022ರ ಫೆಬ್ರವರಿಯಲ್ಲೇ ಈ ಟೂರ್ ನಿಂತುಹೋಯಿತು. ಆದರೂ ಬರೆಯುತ್ತಿದ್ದೇನೆ. 2019ರ ಅಕ್ಟೋಬರ್‌ನಲ್ಲಿ ಉಕ್ರೇನಿನ ಆ ಹಳೇ ಪರಮಾಣು ದುರಂತದ ಜಾಗಕ್ಕೆ ಹೋಗಿ ಬಂದಾಗ ಇದಕ್ಕೆ ಮನಸ್ಸಿನಲ್ಲೇ ಎರಡೂವರೆ ಸ್ಟಾರ್ ಕೊಟ್ಟಿದ್ದೆ. ಅದು ಅನ್ಯಾಯ ಅಂತ ಗೊತ್ತಾಗಲು ಒಂದು ಇಡೀ ಸೈನ್ಯ ಅದೇ ರಸ್ತೆಯಲ್ಲಿ ಬರಬೇಕಾಯಿತು.

ಆಗ ನಾನು ವಾರ್ಸಾದಲ್ಲಿ ಕೆಲಸದಲ್ಲಿದ್ದೆ. ಚಿಕ್ಕಪ್ಪನ ಮಗ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದ. ಇಬ್ಬರೂ ಕೀವ್‌ನಲ್ಲಿ ಸೇರಿ ಹೋದೆವು. ತಲೆಗೆ ಸುಮಾರು ನೂರು ಡಾಲರ್, ರೇಡಿಯೇಷನ್ ಅಳೆಯುವ ಮೀಟರ್‌ಗೆ ಬೇರೆ ಬಾಡಿಗೆ. ಪಾಸ್‌ಪೋರ್ಟ್ ವಿವರ ಮೊದಲೇ ಕಳಿಸಬೇಕಿತ್ತು, ಇಲ್ಲದಿದ್ದರೆ ಪರವಾನಗಿ ಸಿಗುತ್ತಿರಲಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ, ಆ ವರ್ಷ ಇಂಥವು ಬೇಕಾದಷ್ಟು ಇದ್ದವು. ಒಂದು ಲಕ್ಷಕ್ಕೂ ಜಾಸ್ತಿ ಜನ ಬಂದುಹೋದ ವರ್ಷ ಅದು.

ದೂರುಗಳನ್ನು ಬೇಗ ಮುಗಿಸುತ್ತೇನೆ. ವ್ಯಾನಿನ ಹೀಟರ್ ಹಿಂದಿನ ಸೀಟಿಗೆ ಬರುತ್ತಲೇ ಇರಲಿಲ್ಲ. ಫಾರ್ಮ್‌ನಲ್ಲಿ ಸಸ್ಯಾಹಾರಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ತಟ್ಟೆಯಲ್ಲಿ ಚಿಕನ್ ಕಟ್ಲೆಟ್ ಬಂತು. ನಾನು ಬ್ರೆಡ್ಡು, ಕೋಸಿನ ಪಲ್ಯದಂಥದ್ದೇನೋ ತಿಂದು ಎದ್ದೆ. ಹಾಳುಬಿದ್ದ ಪ್ರಿಪ್ಯಾತ್ ಊರಿಗೆ ಎರಡು ಗಂಟೆ ಸಾಲದು. ಸುಮಾರು 49,000 ಜನರನ್ನು ಒಂದೇ ಮಧ್ಯಾಹ್ನ ಬಸ್ ಹತ್ತಿಸಿದ ಊರು ಅದು, ಅಲ್ಲಿನ ಜಾಯಿಂಟ್ ವೀಲ್ ಮುಂದೆ ಸೆಲ್ಫಿಗೆ ಸಾಲು ನಿಲ್ಲುವುದರಲ್ಲೇ ಅರ್ಧ ಸಮಯ ಹೋಯಿತು.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಗೈಡ್ ಹುಡುಗಿಯ ನಿಯಮಗಳು. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಬೂಟು. ನೆಲದ ಮೇಲೆ ಕೂರಬೇಡಿ. ಬ್ಯಾಗ್ ಕೆಳಗಿಡಬೇಡಿ. ಬಯಲಲ್ಲಿ ತಿನ್ನಬೇಡಿ, ಸಿಗರೇಟ್ ಸೇದಬೇಡಿ. ಟಾರಿನ ಮೇಲೇ ನಡೆಯಿರಿ, ಪಾಚಿ ತುಳಿಯಬೇಡಿ. ಅಣಬೆ, ಹಣ್ಣು, ಕಲ್ಲು, ಏನನ್ನೂ ಮುಟ್ಟಬೇಡಿ. ವ್ಯಾನ್ ಇಳಿದಾಗಲೆಲ್ಲ ಇದೇ ಮಂತ್ರ. "ಅಣ್ಣ, ಅಜ್ಜಿ ಮಡಿ ಉಟ್ಟಾಗಲೂ ಇಷ್ಟು ಕಾಟ ಇರಲಿಲ್ಲ ಕಣೋ" ಅಂದ ನಮ್ಮ ಹುಡುಗ. ಪ್ರವಾಸಿಗರಿಗೆ ಸ್ವಲ್ಪ ಭಯ ಹುಟ್ಟಿಸಲು ಆಡುವ ನಾಟಕ ಅಂತಲೇ ನಾನೂ ಅಂದುಕೊಂಡೆ.

ಮೀಟರ್ ಮಾತ್ರ ನಾಟಕ ಆಡಲಿಲ್ಲ. ಟೆರ್ರಾ-ಪಿ ಅಂತ, ಉಕ್ರೇನಿನಲ್ಲೇ ತಯಾರಾಗುವ ಅಂಗೈ ಅಗಲದ ಡಬ್ಬಿ. ವಿಕಿರಣ ಗಂಟೆಗೆ 0.3 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ದಾಟಿದರೆ ಕಿರುಚುತ್ತದೆ. ಕೀವ್‌ನಲ್ಲಿ 0.12 ತೋರಿಸುತ್ತಿತ್ತು. ದಿತ್ಯಾಟ್ಕಿ ಚೆಕ್‌ಪೋಸ್ಟ್ ದಾಟಿ, ಸ್ಥಾವರದ ಸುತ್ತ ಜನರನ್ನು ತೆರವು ಮಾಡಿಸಿದ 30 ಕಿಲೋಮೀಟರ್ ವಲಯದ ಒಳಗೆ ಹೋದರೂ ಹೆಚ್ಚೇನೂ ಏರಲಿಲ್ಲ. ಚೆರ್ನೋಬಿಲ್ ಪೇಟೆಯಲ್ಲೂ ಅಷ್ಟೇ. ಇಷ್ಟೇನಾ ಅನಿಸಿತು. ಆಮೇಲೆ ಕೊಪಾಚಿ. ಮನೆಗಳನ್ನೆಲ್ಲ ಬುಲ್ಡೋಜರ್‌ನಿಂದ ಬೀಳಿಸಿ ಅಲ್ಲೇ ಹೂತುಬಿಟ್ಟ ಹಳ್ಳಿ, ಒಂದು ಶಿಶುವಿಹಾರ ಉಳಿದಿದೆ. ಅದರ ಮುಂದಿನ ಮರದ ಬುಡದಲ್ಲಿ ಗೈಡ್ ಮೀಟರನ್ನು ನೆಲದ ಹತ್ತಿರ ಹಿಡಿದಳು. ಕಿರುಚಾಟ ಶುರುವಾಯಿತು. ಸೊಂಟದ ಎತ್ತರಕ್ಕೆ ಎತ್ತಿದರೆ ಅಂಕಿ ಇಳಿಯುತ್ತದೆ, ಎರಡು ಹೆಜ್ಜೆ ಹಿಂದೆ ಟಾರಿಗೆ ಬಂದರೆ ಇನ್ನೂ ಇಳಿಯುತ್ತದೆ. ವಿಷ ಗಾಳಿಯಲ್ಲಿ ಇಲ್ಲ, ಮಣ್ಣಿನಲ್ಲಿದೆ. ಇದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಆ ಡಬ್ಬಿ ಅರ್ಧ ನಿಮಿಷದಲ್ಲಿ ಕಲಿಸಿತು.

ಕೆಂಪು ಕಾಡಿನ ಹತ್ತಿರ ವ್ಯಾನ್ ನಿಲ್ಲಿಸಲೇ ಇಲ್ಲ. ಕಿಟಕಿ ಮುಚ್ಚಿಸಿ ದಾಟಿಸಿದರು. ಎಲ್ಲರ ಮೀಟರೂ ಒಟ್ಟಿಗೆ ಕೂಗಿದವು, ನನ್ನದು ವ್ಯಾನಿನ ಒಳಗೇ ಹತ್ತರ ಆಸುಪಾಸು ತೋರಿಸಿತು. 1986ರ ಏಪ್ರಿಲ್ 26ರ ರಾತ್ರಿ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿದಾಗ ಪಶ್ಚಿಮಕ್ಕೆ ಹೋದ ಧೂಳು ಬಿದ್ದಿದ್ದು ಈ ಪೈನ್ ಮರಗಳ ಮೇಲೆ. ಅವು ತುಕ್ಕಿನ ಬಣ್ಣಕ್ಕೆ ತಿರುಗಿ ಸತ್ತವು. ಕಡಿದು, ಗುಂಡಿ ತೋಡಿ ಹೂತು, ಮೇಲೆ ಮರಳು ಹಾಕಿ ಹೊಸ ಸಸಿ ನೆಟ್ಟರು. ಅಂದರೆ ಈಗ ಕಾಣುವ ಹಸಿರಿನ ಬೇರಿನ ಕೆಳಗೆ ಹಳೇ ಮರಗಳು ಮಲಗಿವೆ. ವಲಯದಲ್ಲಿ ಇಂಥ ಹೂತ ಗುಂಡಿಗಳು ನೂರಾರು ಇವೆ, ಎಲ್ಲಕ್ಕೂ ಸರಿಯಾದ ನಕ್ಷೆ ಇಲ್ಲ.

ಈ ಕಾಡಿನ ಪಕ್ಕದಲ್ಲೇ 2022ರಲ್ಲಿ ರಷ್ಯದ ಸೈನಿಕರು ಕಂದಕ ತೋಡಿದರು. ನೆಲದ ಮೇಲೆ ನನ್ನ ಕ್ಯಾಮೆರಾ ಸ್ಟ್ಯಾಂಡ್ ಇಡಲು ಬಿಡದ ಜಾಗದಲ್ಲಿ!

ರಾಜಧಾನಿ ಕೀವ್ ಕಡೆಗೆ ಹೊರಟ ಅವರು ಆ ದಾರಿ ಹಿಡಿದಿದ್ದು ಯಾಕೆ ಅಂತ ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಬೆಲಾರುಸ್ ಗಡಿಯಿಂದ ಸ್ಥಾವರಕ್ಕೆ ಸುಮಾರು 16 ಕಿಲೋಮೀಟರ್, ಅಲ್ಲಿಂದ ಕೀವ್‌ಗೆ ನೂರರ ಹತ್ತಿರ. ದ್ನಿಪ್ರೊ ನದಿಯ ಪಶ್ಚಿಮದಲ್ಲೇ ಇಳಿಯುವುದರಿಂದ ಆ ದೊಡ್ಡ ನದಿ ದಾಟುವ ತಾಪತ್ರಯ ಇಲ್ಲ. ಊರಿಲ್ಲ, ಜನ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲ. ಆದರೆ ಎರಡೂ ಕಡೆ ಕಾಡು, ಜೌಗು, ನಡುವೆ ಕಿರಿದಾದ ರಸ್ತೆ. ಟ್ಯಾಂಕ್ ಒಂದು ಕಡೆ ಸರಿಯಬೇಕಾದರೆ ಇಳಿಯುವುದು ಅದೇ ಮಣ್ಣಿಗೆ. ದಕ್ಷಿಣಕ್ಕೆ ಇವಾಂಕಿವ್ ಹತ್ತಿರ ಸೇತುವೆ ಸ್ಫೋಟಿಸಿ ಉಕ್ರೇನಿನವರು ಅಡ್ಡ ಹಾಕಿದ ಮೇಲೆ ಮುಂದಿನವರು ನಿಂತರು, ಹಿಂದಿನವರೂ ನಿಂತರು. ಸುಮ್ಮನೆ ದಾಟಿ ಹೋಗಬೇಕಿದ್ದ ಜಾಗ ಐದು ವಾರ ಬಿಡಾರವಾಯಿತು. ನನಗೆ ಕಾಣುವ ದೊಡ್ಡ ಅಪಾಯ ಇದೇ. ದಾಟಿ ಹೋಗುವುದಕ್ಕೂ ಉಳಿದುಕೊಳ್ಳುವುದಕ್ಕೂ ಲೆಕ್ಕ ಬೇರೆ, ಮತ್ತು ಯುದ್ಧದಲ್ಲಿ ಯಾವುದು ಆಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ.

ಲೆಕ್ಕ ಸುಲಭ. ಗಂಟೆಗೆ ಹತ್ತು ಮೈಕ್ರೋಸೀವರ್ಟ್ ಇರುವ ಕಡೆ ನಾವು ವ್ಯಾನಿನಲ್ಲಿ ಎರಡು ನಿಮಿಷ ಇದ್ದೆವು. ಅದೇನೂ ಅಲ್ಲ, ವಿಮಾನದಲ್ಲಿ ಇದಕ್ಕಿಂತ ಜಾಸ್ತಿ ತಗಲುತ್ತದೆ. ಅಲ್ಲೇ ಒಂದು ತಿಂಗಳು ಹಗಲು ರಾತ್ರಿ ಮಲಗಿದರೆ 7.2 ಮಿಲಿಸೀವರ್ಟ್ (ಸಾವಿರ ಮೈಕ್ರೋಗೆ ಒಂದು ಮಿಲಿ). ಪರಮಾಣು ಸ್ಥಾವರದ ಕೆಲಸಗಾರನಿಗೆ ವರ್ಷಕ್ಕೆ ಇಟ್ಟಿರುವ ಮಿತಿ 20. ಅಂದರೆ ಇದು ಆಸ್ಪತ್ರೆ ಸೇರಿಸುವ ಪ್ರಮಾಣ ಅಲ್ಲ. ವಿಕಿರಣ ಕಾಯಿಲೆ ಬರಲು ಸಾವಿರದ ಆಸುಪಾಸು ಬೇಕು, ಅದೂ ಒಂದೇ ಸಲಕ್ಕೆ. ಹಾಗಾಗಿ ಬಸ್ಸುಗಟ್ಟಲೆ ಸೈನಿಕರು ಕಾಯಿಲೆಬಿದ್ದರು ಅನ್ನುವ ಆಗಿನ ಸುದ್ದಿಯನ್ನು ನಾನು ನಂಬುವುದಿಲ್ಲ. ಅಂತರರಾಷ್ಟ್ರೀಯ ಪರಮಾಣು ಸಂಸ್ಥೆಗೂ ಅದನ್ನು ಖಚಿತಪಡಿಸಲು ಆಗಲಿಲ್ಲ. ಏಪ್ರಿಲ್ ಕೊನೆಯಲ್ಲಿ ಅದರ ಮುಖ್ಯಸ್ಥ ರಫೇಲ್ ಗ್ರಾಸ್ಸಿ ಹೋಗಿ ನೋಡಿದಾಗ, ಅಗೆದ ಕಡೆ ಮಟ್ಟ ಹೆಚ್ಚಿದೆ, ಆದರೆ ಕೆಲಸಗಾರರ ಮಿತಿಗಿಂತ ತುಂಬಾ ಕಡಿಮೆ ಅಂತಲೇ ಹೇಳಿದರು.

ಹಾಗಾದರೆ ನಿಯಮಗಳು ನಾಟಕವೇ ಅಲ್ವಾ ಅಂತ ಕೇಳಬಹುದು. ಅಲ್ಲ. ನನ್ನ ಬಾಡಿಗೆ ಡಬ್ಬಿ ಅಳೆದಿದ್ದು ಹೊರಗಿನಿಂದ ಬರುವ ಗಾಮಾ ಕಿರಣ ಮಾತ್ರ. ಮಣ್ಣಿನಲ್ಲಿ ಉಳಿದಿರುವ ಪ್ಲುಟೋನಿಯಂ, ಅಮೆರಿಸಿಯಂನಂಥ ವಿಕಿರಣ ಧಾತುಗಳು ಉಗುಳುವ ಆಲ್ಫಾ ಕಣ ಅದಕ್ಕೆ ಕಾಣುವುದೇ ಇಲ್ಲ. ಚರ್ಮದ ಮೇಲೆ ಬಿದ್ದರೆ ತೊಳೆದುಕೊಳ್ಳಬಹುದು, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರುತ್ತದೆ. ಗುದ್ದಲಿ ಹಿಡಿದು ಅಗೆಯುವವನು, ಅಲ್ಲಿನ ಸೌದೆ ಉರಿಸಿ ಚಳಿ ಕಾಯಿಸಿಕೊಳ್ಳುವವನು, ಅದೇ ಕೈಯಲ್ಲಿ ರೊಟ್ಟಿ ಮುರಿಯುವವನು ಎಷ್ಟು ಒಳಗೆ ತೆಗೆದುಕೊಂಡ ಅಂತ ಯಾರು ಅಳೆಯಬೇಕು? ಮುಖಕ್ಕೆ ಏನೂ ಇಲ್ಲದೆ ಕೆಂಪು ಕಾಡಿನ ಧೂಳೆಬ್ಬಿಸಿಕೊಂಡು ವಾಹನ ಓಡಿಸಿದರು ಅಂತ ಸ್ಥಾವರದ ಕೆಲಸಗಾರರು ವರದಿಗಾರರಿಗೆ ಹೇಳಿದ್ದಾರೆ. ಯಾವ ಸೈನಿಕನಿಗೆ ಎಷ್ಟು ತಗುಲಿತು ಅಂತ ಗೊತ್ತಿಲ್ಲದ ಕಮಾಂಡರ್ ಮುಂದೆ ಯಾರನ್ನು ಎಲ್ಲಿಗೆ ಕಳಿಸಬೇಕು? ಸೈನಿಕನಿಗೆ ಅನುಮಾನ ಹತ್ತಿದರೆ ಸಾಕು, ಮೀಟರ್ ಏನೇ ಹೇಳಲಿ, ಅವನ ಮನಸ್ಸು ಅಲ್ಲಿಂದ ಓಡಿಹೋಗಿರುತ್ತದೆ.

ಧೂಳಿನ ವಿಷಯಕ್ಕೆ ಒಂದು ತಿದ್ದುಪಡಿ. ಸೈನ್ಯ ಬಂದ ಮೊದಲ ರಾತ್ರಿ ವಲಯದ ಮೀಟರ್‌ಗಳು ಒಮ್ಮೆಲೇ ಏರಿದವು, ಟ್ಯಾಂಕ್‌ಗಳು ಮಣ್ಣು ಎಬ್ಬಿಸಿದ್ದೇ ಕಾರಣ ಅಂದರು, ನಾನೂ ಸ್ನೇಹಿತರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ ಅದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಧೂಳಿನ ವಿವರಣೆ ಕೂಡಿಬರುವುದಿಲ್ಲ, ಮೀಟರ್‌ಗಳ ಸಂಪರ್ಕವೇ ಕೆಟ್ಟಿರಬಹುದು ಅಂದರು. ಯುದ್ಧದಲ್ಲಿ ಮೀಟರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಇನ್ನು ಸ್ಥಾವರ. ಅಲ್ಲಿ ಕರೆಂಟ್ ತಯಾರಾಗುವುದು 2000ದಲ್ಲೇ ನಿಂತಿದೆ, ಆದರೆ 20,000ಕ್ಕೂ ಹೆಚ್ಚು ಬಳಸಿದ ಇಂಧನದ ಕಟ್ಟುಗಳನ್ನು ನೋಡಿಕೊಳ್ಳಬೇಕು. ಒಂದು ಪಾಳಿಗೆ ಬಂದ ಸಿಬ್ಬಂದಿ ಬಂದೂಕಿನ ನಡುವೆ ಮೂರು ವಾರ ಮನೆಗೆ ಹೋಗದೆ ದುಡಿದರು. ಮಾರ್ಚ್ 9ರಂದು ಹೊರಗಿನ ಕರೆಂಟ್ ಹೋಯಿತು, ಜನರೇಟರ್‌ಗೆ ಇದ್ದ ಡೀಸೆಲ್ 48 ಗಂಟೆಯದು. ಹಳೇ ಇಂಧನ ತಣ್ಣಗಾಗಿದ್ದರಿಂದ ತಕ್ಷಣದ ಅಪಾಯ ಇರಲಿಲ್ಲ, ಅದು ಪುಣ್ಯ. ಮಾರ್ಚ್ 31ಕ್ಕೆ ಸೈನ್ಯ ಹೊರಟಾಗ ಚೆರ್ನೋಬಿಲ್ ಪೇಟೆಯ ವಿಕಿರಣ ಪ್ರಯೋಗಾಲಯ ಲೂಟಿಯಾಗಿತ್ತು. ಕಾಡಿನಲ್ಲಿ ನೆಲಬಾಂಬುಗಳು ಉಳಿದವು.

1986ರಲ್ಲಿ ಇದೇ ಜಾಗಕ್ಕೆ ಬಂದ ಸೋವಿಯತ್ ಸೈನ್ಯಕ್ಕೆ ಇದೆಲ್ಲ ಗೊತ್ತಿತ್ತು ಅನ್ನುವುದೇ ವಿಚಿತ್ರ. ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯುತ್ತಿದ್ದರು. ಹೊರಗೆ ಹೋಗುವ ವಾಹನ ತೊಳೆಯುತ್ತಿದ್ದರು, ತೊಳೆದರೂ ಹೋಗದ ಹೆಲಿಕಾಪ್ಟರ್, ಲಾರಿಗಳನ್ನು ರಸ್ಸೋಖಾದ ಬಯಲಲ್ಲಿ ಬಿಟ್ಟೇಬಿಟ್ಟರು. ರಿಯಾಕ್ಟರ್ ಪಕ್ಕದ ಚಾವಣಿಗೆ ಹತ್ತಿದವನು ಒಂದೆರಡು ನಿಮಿಷದಲ್ಲಿ ಇಳಿಯಬೇಕಿತ್ತು. ಅದರಲ್ಲಿ ರಷ್ಯದವರೂ ಇದ್ದರು, ಉಕ್ರೇನಿನವರೂ ಇದ್ದರು.

ಟೂರ್‌ಗೆ ವಾಪಸ್ ಬರೋಣ. ಹೊರಡುವಾಗ ಲೆಲಿವ್ ಚೆಕ್‌ಪೋಸ್ಟ್‌ನಲ್ಲಿ ತೂಕದ ಯಂತ್ರದಂಥ ಹಳೇ ವಿಕಿರಣ ತಪಾಸಣೆಯ ಚೌಕಟ್ಟಿನ ಮೇಲೆ ನಿಂತು ಎರಡೂ ಕೈ ಒತ್ತಬೇಕಿತ್ತು. ನನಗೆ ಹಸಿರು ದೀಪ ಬರಲಿಲ್ಲ. ಎಲ್ಲೋ ಪಾಚಿ ತುಳಿದಿದ್ದೆ. ಗೈಡ್ ಒಂದು ಮಾತೂ ಆಡದೆ ಒದ್ದೆ ಬಟ್ಟೆ, ಬ್ರಷ್ಷು ಕೊಟ್ಟಳು. ಹದಿನೈದು ನಿಮಿಷ ಬೂಟು ಉಜ್ಜಿದೆ, ಇಡೀ ವ್ಯಾನ್ ಕಾಯಿತು, ನಮ್ಮ ಹುಡುಗ ಫೋಟೋ ತೆಗೆದ. ಆಗ ಸಿಟ್ಟು ಬಂದಿತ್ತು, ಅರ್ಧ ಸ್ಟಾರ್ ಕಡಿತ ಆಗಿದ್ದು ಅದಕ್ಕೇ. 2022ರ ಮಾರ್ಚ್ 2ರಂದು ಅದೇ ಹುಡುಗ ಯುದ್ಧದಿಂದ ತಪ್ಪಿಸಿಕೊಳ್ಳಲು ಖಾರ್ಕಿವ್‌ನಿಂದ ಊರ ಹೊರಗಿನ ಪೆಸೋಚಿನ್‌ಗೆ ನಡೆದು ಹೊರಟಾಗ ಚಿಕ್ಕಮ್ಮ ರಾತ್ರಿಯಿಡೀ ಫೋನ್ ಹಿಡಿದು ಕೂತಿದ್ದರು. ನಾನು ಮಾತ್ರ ಸುದ್ದಿಯಲ್ಲಿ ಕೆಂಪು ಕಾಡಿನ ಹೆಸರು ಕೇಳಿದಾಗಲೆಲ್ಲ ಆ ಬ್ರಷ್ಷನ್ನೇ ನೆನೆಯುತ್ತಿದ್ದೆ.

ಈಗ ಗೈಡ್‌ಗೆ ಐದು, ಮೀಟರ್‌ಗೆ ಐದು, ವ್ಯಾನಿಗೆ ಎರಡು. ಮುಂದೆಂದಾದರೂ ಟೂರ್ ಶುರುವಾದರೆ ಬೆಚ್ಚಗೆ ಹಾಕಿಕೊಂಡು ಹೋಗಿ. ಸಸ್ಯಾಹಾರಿಗಳಾದರೆ ಫಾರ್ಮ್ ನಂಬಬೇಡಿ, ಕೀವ್‌ನಲ್ಲೇ ಏನಾದರೂ ಕಟ್ಟಿಸಿಕೊಂಡು ವ್ಯಾನಿನ ಒಳಗೆ ಕೂತು ತಿನ್ನಿ.