ಜೊಂಡಿನೊಳಗಿನ ಹಕ್ಕಿಗೆ ಸೋನಿ 200–600 ಲೆನ್ಸ್: ಸೂರ್ಯ ಹುಟ್ಟುವ ಮುಂಚಿನ ಬೆಳಕಿನಲ್ಲಿ

ಹುಂಡುಕೋಳಿಯ ನೆಂಟರಾದ ಕ್ರೇಕ್, ರೈಲ್‌ಗಳು, ಜೊಂಡಿನ ನಡುವೆ ತಾನೂ ಒಂದು ದಂಟಾಗಿ ನಿಂತುಬಿಡುವ ಬಿಟರ್ನ್, ಕೆಸರಿನ ಬಣ್ಣವನ್ನೇ ಹೊದ್ದ ಸ್ನೈಪ್. ಈ ಹಕ್ಕಿಗಳು ಜೊಂಡಿನ ಅಂಚಿಗೆ ಬಂದು ಮೇಯುವುದು ಹೆಚ್ಚಾಗಿ ಬೆಳಕು ಹರಿಯುವ ಹೊತ್ತಿನಲ್ಲಿ. ಬಿಸಿಲೇರಿದಂತೆ ಮತ್ತೆ ಒಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಇವುಗಳಿಗಾಗಿ ಲೆನ್ಸ್ ಆರಿಸುವಾಗ ಹಾರುವ ಹದ್ದಿಗೆ, ಮರದ ಮೇಲಿನ ಮರಕುಟಿಗಕ್ಕೆ ಕೇಳುವ ಪ್ರಶ್ನೆಗಳು ಸಾಲವು. ಅರೆಬೆಳಕಿನಲ್ಲಿ ಏನು ಸಿಗುತ್ತದೆ, ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ, ಮಂಜು ಮತ್ತು ಕೆಸರಿನಲ್ಲಿ ಹೇಗೆ ಬಾಳುತ್ತದೆ ಎಂದು ಕೇಳಬೇಕು. ಸೋನಿಯ ಎಫ್‌ಇ 200–600 ಮಿಮೀ ಎಫ್/5.6–6.3 ಜಿ ಒಎಸ್‌ಎಸ್ (ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು; ಒಎಸ್‌ಎಸ್ ಎಂದರೆ ಅಲುಗಾಟ ತಡೆಯುವ ವ್ಯವಸ್ಥೆ) ಲೆನ್ಸನ್ನು ಇಲ್ಲಿ ಈ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡಿದೆ.

2019ರಲ್ಲಿ ಬಂದ ಲೆನ್ಸ್ ಇದು. ಟ್ರೈಪಾಡ್ ಪಾದ ಬಿಟ್ಟು ತೂಕ 2,115 ಗ್ರಾಂ, ಉದ್ದ 318 ಮಿಮೀ, ಮುಂದಿನ ಫಿಲ್ಟರ್ ಅಳತೆ 95 ಮಿಮೀ. ಕ್ಯಾಮೆರಾ ಸೇರಿದರೆ 3 ಕಿಲೋ ಹತ್ತಿರ. ಜೌಗಿನ ಕೆಲಸಕ್ಕೆ ಇದರ ದೊಡ್ಡ ಗುಣ ಎಂದರೆ ಒಳಗೇ ಜೂಮ್ ಆಗುವುದು. 200ರಿಂದ 600ಕ್ಕೆ ತಿರುಗಿಸಿದರೂ ಕೊಳವೆ ಹೊರಗೆ ಚಾಚುವುದಿಲ್ಲ. ಹೊರಗೆ ಚಾಚುವ ಲೆನ್ಸು ಪ್ರತಿ ಸಲ ಜೂಮ್ ಮಾಡಿದಾಗಲೂ ಒಂದಿಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ನೀರಿನ ಮೇಲೆ ಆ ಗಾಳಿಯ ತುಂಬ ತೇವ. ಕೊಳವೆಯ ಮೇಲೆ ಕೂತ ಹನಿಯೂ ಮಡಚುವಾಗ ಒಳಕ್ಕೆ ಸರಿಯುತ್ತದೆ. ಇಲ್ಲಿ ಆ ಚಿಂತೆ ಕಡಿಮೆ. ಜೂಮ್ ಮಾಡಿದಾಗ ಮುಂಭಾರ ಹೆಚ್ಚು ಬದಲಾಗದ್ದರಿಂದ ಅಕ್ಕಿ ಅಥವಾ ಬೀಜ ತುಂಬಿದ ಚೀಲದ ಮೇಲೆ ಇಟ್ಟಾಗ ಲೆನ್ಸು ಮೂತಿ ಕೆಳಗೆ ಹಾಕುವುದೂ ಇಲ್ಲ. ಜೂಮ್ ಬಳೆ ಹಗುರ, ತಿರುವೂ ಕಡಿಮೆ. ಅಂಗೈ ಎತ್ತದೆ ಒಂದೇ ಬೆರಳಿನಲ್ಲಿ ತಳ್ಳಬಹುದು. ಹತ್ತಡಿ ದೂರದಲ್ಲಿ ರೈಲ್ ನಿಂತಿರುವಾಗ ಕೈ ಎಷ್ಟು ಕಡಿಮೆ ಅಲುಗಿದರೆ ಅಷ್ಟು ಒಳ್ಳೆಯದು.

ಇನ್ನು ದೂರದ ಲೆಕ್ಕ. ಬೈಲನ್ಸ್ ಕ್ರೇಕ್ ಮೂತಿಯಿಂದ ಬಾಲದವರೆಗೆ 16–18 ಸೆಂಮೀ. ಫುಲ್‌ಫ್ರೇಮ್ (36 ಮಿಮೀ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿಮೀಗೆ 8 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 48 ಸೆಂಮೀ, ಅಂದರೆ ಹಕ್ಕಿ ಮೂರನೇ ಒಂದು ಪಾಲು. 5 ಮೀಟರಿಗೆ ಬಂದರೆ ಚೌಕಟ್ಟು 30 ಸೆಂಮೀ ಆಗುತ್ತದೆ, ಹಕ್ಕಿ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಜೌಗಿನ ಹಕ್ಕಿಯ ಒಳ್ಳೆಯ ಚಿತ್ರಗಳೆಲ್ಲ ಹೀಗೆ 4ರಿಂದ 8 ಮೀಟರಿನೊಳಗೆ ಹುಟ್ಟುವಂಥವು. ಈ ಲೆನ್ಸು 2.4 ಮೀಟರ್‌ವರೆಗೂ ಫೋಕಸ್ ಮಾಡುತ್ತದೆ. ಸೋನಿಯದೇ 600 ಎಫ್/4 ಜಿಎಂ ಲೆನ್ಸಿನ ಕನಿಷ್ಠ ದೂರ 4.5 ಮೀಟರ್. ಮರೆಯಲ್ಲಿ ಅಲುಗದೆ ಕೂತವರತ್ತ ಕ್ರೇಕ್ ಮೇಯುತ್ತ ಮೇಯುತ್ತ ನಾಲ್ಕು ಮೀಟರಿಗೆ ಬಂದುಬಿಟ್ಟರೆ ಆ ದೊಡ್ಡ ಲೆನ್ಸು ಸುಮ್ಮನೆ ನೋಡುತ್ತ ಕೂರಬೇಕಾಗುತ್ತದೆ.

ಆದರೆ ಹತ್ತಿರಕ್ಕೊಂದು ಬೆಲೆ ಇದೆ. 5 ಮೀಟರಿನಲ್ಲಿ, 600 ಮಿಮೀ ಎಫ್/6.3ಕ್ಕೆ ಫೋಕಸ್ಸಿನ ಆಳ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಕ್ರೇಕ್ ಪಕ್ಕಕ್ಕೆ ನಿಂತಿದ್ದರೆ ಕಣ್ಣು, ಕೊಕ್ಕು, ರೆಕ್ಕೆಯ ಗರಿ ಎಲ್ಲ ಸಿಗುತ್ತವೆ. ನೇರ ಎದುರಾಗಿ ನಿಂತರೆ ಕಣ್ಣು ಚೊಕ್ಕವಾಗಿ, ಕೊಕ್ಕಿನ ತುದಿ ಮಸುಕಾಗಿ ಬರುತ್ತದೆ. ಎಫ್/8ಕ್ಕೆ ಇಳಿಸಿ ಆಳ ಗಳಿಸೋಣ ಎಂದರೆ ಆ ಹೊತ್ತಿನಲ್ಲಿ ಬೆಳಕಿರುವುದಿಲ್ಲ. ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯುವುದೊಂದೇ ದಾರಿ.

ಈ ಲೆನ್ಸಿನ ನಿಜವಾದ ಕೊರತೆ ಇರುವುದೂ ಬೆಳಕಿನಲ್ಲೇ. ನಿರ್ಮಲ ಆಕಾಶವಿದ್ದರೆ, ಸೂರ್ಯೋದಯಕ್ಕೆ ಕಾಲುಗಂಟೆ ಮುಂಚೆ ಎಫ್/6.3ರಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 6400 ಇಟ್ಟರೂ 1/125 ಸೆಕೆಂಡು ಸಿಗುವುದು ಕಷ್ಟ. ಸೂರ್ಯ ದಿಗಂತ ಮುಟ್ಟಿ, ಜೊಂಡಿನ ಬುಡ ಇನ್ನೂ ನೆರಳಲ್ಲಿರುವಾಗ 3200ಕ್ಕೂ 1/500 ಸಿಗುವುದು ಕಷ್ಟ. ಎಳೆಬಿಸಿಲು ಜೊಂಡಿನ ಮೇಲೆ ಬಿದ್ದ ಮೇಲೆ 1/1000ಕ್ಕೆ 800. ಮೋಡವಿದ್ದರೆ ಪ್ರತಿ ಹಂತಕ್ಕೂ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ) ಸೇರಿಸಿಕೊಳ್ಳಬೇಕು. ಎಫ್/4 ಲೆನ್ಸ್ ಇದ್ದವರಿಗೆ ಒಂದೂ ಕಾಲು ಸ್ಟಾಪಿಗಿಂತ ತುಸು ಹೆಚ್ಚೇ ಲಾಭ: 6400 ಬೇಕಾದಲ್ಲಿ 2500 ಸಾಕು. ಕಂದು ಗರಿಯ ಮೇಲಿನ ಸಣ್ಣ ಗೆರೆಗಳನ್ನು ಉಳಿಸಿಕೊಳ್ಳುವಾಗ ಈ ಅಂತರ ಕಣ್ಣಿಗೆ ಕಾಣುತ್ತದೆ. ಆದರೆ ಆ ಲೆನ್ಸಿನ ತೂಕ 3,040 ಗ್ರಾಂ, ಫೋಕಸ್ ದೂರ ಮೇಲೆ ಹೇಳಿದಷ್ಟು. ಬೇರೆ ಕಂಪನಿಗಳಲ್ಲಿ ನಿಕಾನ್ ಝಡ್ 180–600 ಇದೇ ಬಳಗದ್ದು: ಒಳಗೇ ಜೂಮ್, ಅದೇ ಎಫ್/6.3. ಕ್ಯಾನನ್ ಆರ್‌ಎಫ್ 200–800 ದೂರ ಹೆಚ್ಚು ಕೊಡುತ್ತದೆ ನಿಜ, ಆದರೆ 800ರಲ್ಲಿ ಎಫ್/9, ಮೇಲಾಗಿ ಕೊಳವೆ ಹೊರಗೆ ಚಾಚುತ್ತದೆ. ಮುಂಜಾವಿನ ಜೌಗಿಗೆ ನಾನದನ್ನು ಆರಿಸಲಾರೆ.

ಕಡಿಮೆ ಬೆಳಕನ್ನು ಗೆಲ್ಲಲು ಹಕ್ಕಿಯ ನಡೆಯೇ ನೆರವಾಗುತ್ತದೆ. ರೈಲ್ ನಾಲ್ಕು ಹೆಜ್ಜೆ ನಡೆದು ಒಂದು ಕ್ಷಣ ನಿಲ್ಲುತ್ತದೆ, ಬಾಲ ಕುಣಿಸುತ್ತದೆ, ಮತ್ತೆ ನಡೆಯುತ್ತದೆ. ಆ ನಿಲುಗಡೆಗೆ ಐದಾರು ಫ್ರೇಮಿನ ಸಣ್ಣ ಕಂತು ಹೊಡೆದರೆ 1/60ರಲ್ಲೂ ಒಂದೆರಡು ಚೊಕ್ಕ ಚಿತ್ರ ಸಿಗುತ್ತವೆ. ಕೆಸರನ್ನು ಕೆದಕುವ ಸ್ನೈಪ್‌ನ ತಲೆ ಮಾತ್ರ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತದೆ, ಅದಕ್ಕೆ 1/500ಕ್ಕಿಂತ ಕೆಳಗಿಳಿದರೆ ಕಣ್ಣು ಅಳಿಸಿಹೋಗುತ್ತದೆ. ಬಿಟರ್ನ್ ಬೆದರಿದಾಗ ಕೊಕ್ಕನ್ನು ಆಕಾಶಕ್ಕೆತ್ತಿ ಕಲ್ಲಾಗುತ್ತದೆ, 1/30 ಕೂಡ ಸಾಕು ಅನ್ನಿಸುತ್ತದೆ. ಎಡವುವುದು ಇಲ್ಲೇ: ಗಾಳಿ ಬೀಸಿ ಜೊಂಡು ತೂಗಿದರೆ ಬಿಟರ್ನ್ ಕೂಡ ಅದರ ಲಯಕ್ಕೆ ಮೈ ತೂಗುತ್ತದೆ. ಜೊಂಡಿನ ತುದಿ ಓಲಾಡುತ್ತಿದ್ದರೆ ಹಕ್ಕಿ ನಿಂತಂತೆ ಕಂಡರೂ 1/250ಕ್ಕೆ ಏರಿಸಿ, ಐಎಸ್‌ಒ ಎಷ್ಟಾದರೂ ಆಗಲಿ. ನಾಯ್ಸನ್ನು (ಚಿತ್ರದ ಕಾಳುಕಾಳನ್ನು) ಆಮೇಲೆ ತಗ್ಗಿಸಬಹುದು, ಅಲುಗಿದ್ದನ್ನು ಸರಿಪಡಿಸಲಾಗದು.

ನಿಧಾನ ಶಟರ್‌ಗೆ ಒಎಸ್‌ಎಸ್ ಮೋಡ್ 1 ಸರಿಯಾದದ್ದು. ನೆಲಕ್ಕೆ ಅಂಟಿದ ಬಾಣಲೆಯಂಥ ಗ್ರೌಂಡ್‌ಪಾಡ್ ಮೇಲಿಟ್ಟಿದ್ದರೂ ಆಫ್ ಮಾಡಬೇಡಿ, ಜೌಗಿನ ನೆಲ ನಿಮ್ಮ ಉಸಿರಿಗೂ ಕದಲುತ್ತದೆ.

ಆಟೋಫೋಕಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ಕೈಕೊಡುವ ಫ್ರೇಮುಗಳಲ್ಲಿ ಹೆಚ್ಚಿನವು ಫೋಕಸ್ ಎದುರಿನ ದಂಟಿಗೆ ಹೋಗಿ ಹಾಳಾದವು. ಮೊದಲು ಲೆನ್ಸಿನ ಪಕ್ಕದ ಫೋಕಸ್ ಮಿತಿಯ ಗುಂಡಿಯನ್ನು 10–2.4 ಮೀಟರಿಗೆ ತಳ್ಳಿ. ಫೋಕಸ್ ತಪ್ಪಿದರೂ ಹಿಂದಿನ ಬಯಲಿನವರೆಗೆ ಓಡಿ ಮರಳುವ ಹೊತ್ತು ಉಳಿಯುತ್ತದೆ. (ಹಾರಿದ ಹಕ್ಕಿ 10 ಮೀಟರ್ ದಾಟಿದರೆ ಫೋಕಸ್ ಆಗುವುದಿಲ್ಲ ಎನ್ನುವುದು ನೆನಪಿರಲಿ.) ಹಕ್ಕಿ ಬಯಲಲ್ಲಿದ್ದರೆ ಕ್ಯಾಮೆರಾದ ಹಕ್ಕಿ-ಕಣ್ಣು ಗುರುತಿಸುವಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ದಂಟುಗಳ ನಡುವೆ ಅರ್ಧ ಮೈ ಮಾತ್ರ ಕಾಣುವಾಗ ಅದನ್ನು ನಂಬಬೇಡಿ. ಆಗ ಅತಿ ಸಣ್ಣ ಸ್ಪಾಟ್‌ಗೆ ಬಂದು ಕಣ್ಣಿನ ಮೇಲಿಡಿ, ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು 1 ಅಥವಾ 2ಕ್ಕೆ ಇಳಿಸಿ. ಹಕ್ಕಿ ನಡೆಯುವಾಗ ಅಡ್ಡ ಬರುವ ದಂಟಿಗೆ ಫೋಕಸ್ ಥಟ್ಟನೆ ಜಿಗಿಯುವುದು ಇದರಿಂದ ತಗ್ಗುತ್ತದೆ. ದಟ್ಟ ಮಂಜಿನಲ್ಲಿ ಕಾಂಟ್ರಾಸ್ಟ್ ಸಾಲದೆ ಲೆನ್ಸು ಹುಡುಕಾಡತೊಡಗಿದರೆ, ಕೊಳವೆಯ ಮೇಲಿನ ಮೂರು ಗುಂಡಿಗಳಲ್ಲಿ ಒಂದಕ್ಕೆ ಎಎಫ್/ಎಂಎಫ್ (ಆಟೋಫೋಕಸ್‌ನಿಂದ ಕೈ ಫೋಕಸ್‌ಗೆ) ಬದಲಾವಣೆಯನ್ನು ಕೊಟ್ಟಿಟ್ಟುಕೊಂಡಿರಿ. ಒತ್ತಿ ಹಿಡಿದು, ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಕಾಣುವ ಬಣ್ಣ) ನೋಡಿಕೊಂಡು ಕೈಯಿಂದಲೇ ಬಳೆ ತಿರುಗಿಸಿ ಮುಗಿಸುವುದು ಬೇಗದ ಕೆಲಸ.

ಮಂಜಿನಲ್ಲಿ ಮೀಟರ್ ಕೂಡ ಮೋಸಹೋಗುತ್ತದೆ. ಬಿಳಿ ಹಿನ್ನೆಲೆ ಕಂಡು ಚಿತ್ರವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರನ್ನು +0.7ರಿಂದ +1 ಸ್ಟಾಪ್ ಹೆಚ್ಚಿಸಿ. ಕಪ್ಪು ನೀರಿನ ಮುಂದೆ ಹಕ್ಕಿ ಬಂದ ಕೂಡಲೇ ಆ ಹೆಚ್ಚಳವನ್ನು ತೆಗೆದುಹಾಕಲು ಮರೆಯಬೇಡಿ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಉದಯಪೂರ್ವದ ನೀಲಿಯನ್ನೂ ಆಮೇಲಿನ ಹೊನ್ನನ್ನೂ ಒಂದೇ ಬೂದಿಗೆ ತರಲು ಹೊರಡುತ್ತದೆ. 5200 ಕೆಲ್ವಿನ್‌ಗೆ ಕಟ್ಟಿಹಾಕಿ ರಾ ಫೈಲ್‌ನಲ್ಲಿ ತೆಗೆಯುವುದು ಲೇಸು.

ಮಂಜು ದಟ್ಟವಿರುವಾಗ 600ರಲ್ಲಿ ಜಗ್ಗಾಡುವ ಬದಲು 200–300ಕ್ಕೆ ಬಂದು ಜೊಂಡು, ಆವಿ, ಅಂಚಿನಲ್ಲೊಂದು ಪುಟ್ಟ ಆಕೃತಿ ಎಂದು ತೆಗೆದ ಚಿತ್ರವೇ ಹೆಚ್ಚು ಚೆನ್ನ. ಜೂಮ್ ಲೆನ್ಸಿನ ಪೂರ್ತಿ ಫಲ ಸಿಗುವುದು ಅಲ್ಲಿ. 1.4 ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ಹಕ್ಕಿಯನ್ನು ಇನ್ನೂ ದೊಡ್ಡದಾಗಿಸುವ ಗಾಜು) ಹಾಕಿದರೆ 840 ಮಿಮೀ, ಎಫ್/9. ಬಿಸಿಲು ಬಂದ ಮೇಲೆ ಸರಿ, ಅದಕ್ಕೂ ಮುಂಚೆ ಚೀಲದಲ್ಲೇ ಇರಲಿ. ಹೆಚ್ಚು ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ ಕ್ರಾಪ್ ಮಾಡುವುದು ವಾಸಿ.

ತಯಾರಕರ ಟ್ರೈಪಾಡ್ ಪಾದಕ್ಕೆ ಆರ್ಕಾ ಜಾಡು (ಟ್ರೈಪಾಡ್ ತಲೆಗೆ ನೇರವಾಗಿ ಸಿಕ್ಕಿಸುವ ಗೀರು) ಇಲ್ಲದಿರುವುದು ದೊಡ್ಡ ಕಿರಿಕಿರಿ. ಪ್ಲೇಟ್ ಸೇರಿಸಿದರೆ ಎತ್ತರ ಹೆಚ್ಚುತ್ತದೆ, ಸರಿಯಾಗಿ ಬಿಗಿಯದಿದ್ದರೆ ತಿರುಗಲೂಬಹುದು. ಇಲ್ಲಿ ಪ್ರತಿ ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ: ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಷ್ಟೂ ಹಿಂದಿನ ಜೊಂಡು ದೂರ ಸರಿದು ಮೆತ್ತಗಾಗುತ್ತದೆ, ಎದುರಿನ ಕೆಸರು ತೆಳುವಾದ ಒಂದು ಪಟ್ಟಿಯಾಗುತ್ತದೆ. ಜಾಡು ಕೊರೆದ ಗಿಡ್ಡ ಪಾದವನ್ನು ಬೇರೆಯಾಗಿ ಕೊಂಡು ಹಾಕಿಸುವುದೇ ಮೇಲು. ಅಡ್ಡ ಬಂದ ದಂಟನ್ನು ಕತ್ತರಿಸಬೇಡಿ, ಮುರಿಯಲೂಬೇಡಿ. ಅದು ಹಕ್ಕಿಯ ಮರೆ, ತೆಗೆದರೆ ಗೂಡು ಕಟ್ಟುವ ಕಾಲದಲ್ಲಿ ಬೇಟೆಗಾರ ಪ್ರಾಣಿಗೆ ದಾರಿ ತೆರೆದಂತಾಗುತ್ತದೆ. ಕೂಗಿನ ಧ್ವನಿಮುದ್ರಣ ಹಾಕಿ ರೈಲನ್ನು ಹೊರಗೆಳೆಯುವುದೂ ಬೇಡ.

ತೇವದ ವಿಷಯ. ಬೆಚ್ಚಗಿನ ಕಾರಿನಿಂದ ಲೆನ್ಸನ್ನು ತಣ್ಣನೆಯ ಬಯಲಿಗೆ ತಂದ ಕೂಡಲೇ ಚಿತ್ರ ಮೆತ್ತಗೆ ಬಂದರೆ ಫೋಕಸ್ಸನ್ನು ಶಂಕಿಸಬೇಡಿ, ಹುಡ್‌ನೊಳಗೆ (ಲೆನ್ಸಿನ ಮುಂದಿನ ನೆರಳುಕೊಳವೆಯೊಳಗೆ) ಬೆಚ್ಚನೆಯ ಗಾಳಿ ಕದಡುತ್ತಿರುತ್ತದೆ. ಹುಡ್ ತೆಗೆದು ಅರ್ಧ ಗಂಟೆ ಹೊರಗಿಡಿ. ಎಸಿ ಹಾಕಿದ ಕಾರಿನಿಂದ ಸೆಕೆಯ ಜೌಗಿಗೆ ಇಳಿದರೆ ಇದಕ್ಕೆ ತಿರುಗುಮುರುಗು: ಗಾಜಿನ ಮೇಲೆ ಆವಿ ಕೂರುತ್ತದೆ. ಲೆನ್ಸು ಚೀಲದೊಳಗೆ ಮುಚ್ಚಿದಂತೆಯೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ, ಆಮೇಲೆ ತೆರೆಯಿರಿ. ಮುಂದಿನ ಗಾಜಿನ ಫ್ಲೋರಿನ್ ಲೇಪದಿಂದ ಹನಿ ಸುಲಭವಾಗಿ ಒರೆಸಿಹೋಗುತ್ತದೆ. ಧೂಳು, ತೇವ ತಡೆಯುವಂತೆ ಕಟ್ಟಿದ್ದಾರೆ, ಆದರೆ ನೀರಿಗೆ ಬಿದ್ದರೆ ಉಳಿಯುವ ಲೆನ್ಸಲ್ಲ ಇದು. ತೇಲುವ ಮರೆಯಲ್ಲಿ ಬಳಸುವಾಗ ಒಂದು ಪಟ್ಟಿಯಿಂದ ತೆಪ್ಪಕ್ಕೆ ಬಿಗಿದಿರಲಿ. ಮನೆಗೆ ಬಂದ ಮೇಲೆ ಹುಡ್ ಮತ್ತು ಟ್ರೈಪಾಡ್ ಪಾದ ಬಿಚ್ಚಿ ಕೆಸರು ಒರೆಸಿ, ಒದ್ದೆ ಚೀಲದೊಳಗೆ ಬಿಡದೆ ಗಾಳಿಯಾಡುವಲ್ಲಿ ರಾತ್ರಿಯಿಡೀ ಇಡಿ. ಒಣ ಕೆಸರಿನ ಪುಡಿ ಪಾದ ಕೂರುವ ಕಾಲರ್ ಬಳೆಯ ಸಂದಿಗೆ ಸೇರಿದರೆ ಅಡ್ಡದಿಂದ ಉದ್ದಕ್ಕೆ ತಿರುಗಿಸುವಾಗ ಕರಕರ ಎನ್ನುತ್ತದೆ, ಆ ಸದ್ದು ಕ್ರೇಕ್‌ಗೆ ನಮಗಿಂತ ಮೊದಲೇ ಕೇಳಿಸುತ್ತದೆ.