ತುಮಕೂರಿನಲ್ಲಿ ಕ್ಯಾನ್ಸರ್ ಜೀನ್ ಪರೀಕ್ಷೆ ಮಾಡಿಸುವವರು ದಯವಿಟ್ಟು ಇದನ್ನು ಓದಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಒಂದು ಸ್ಯಾಂಪಲ್ ಕಲೆಕ್ಷನ್ ಸೆಂಟರಿನವರು "ಕ್ಯಾನ್ಸರ್ ಜೀನಿನ ಸಂಪೂರ್ಣ ಪರೀಕ್ಷೆ" ಎಂದು ನಂಬಿಸಿ ನಮ್ಮಿಂದ 14,000 ರೂಪಾಯಿ ಪಡೆದು, ನಮ್ಮ ಅಕ್ಕನಿಗೆ ಸಿಗಬೇಕಾದ ಔಷಧವನ್ನೇ ತಪ್ಪಿಸಬಹುದಾಗಿದ್ದ ವರದಿಯೊಂದನ್ನು ಕೈಗಿಟ್ಟರು. ಹಣ ಹೋಯಿತು, ಹೋಗಲಿ. ಆ ವರದಿ ನೋಡಿ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರಲ್ಲ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಕಾರ್ಬೊಪ್ಲಾಟಿನ್ ಕೀಮೊ ನಡೆಯುತ್ತಿದ್ದಾಗ ಡಾಕ್ಟರು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಜೀನ್‌ಗಳ ಪರೀಕ್ಷೆ ಬರೆದುಕೊಟ್ಟರು. ಇವು ಗಡ್ಡೆ ಬೆಳೆಯದಂತೆ ತಡೆಯುವ ಜೀನ್‌ಗಳು. ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಅದನ್ನು ಸರಿಯಾಗಿ ಜೋಡಿಸುವುದು ಇವುಗಳ ಕೆಲಸ. ಪ್ರತಿ ಜೀವಕೋಶದಲ್ಲೂ ಇಂಥ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಹುಟ್ಟಿನಿಂದಲೇ ಕೆಟ್ಟಿದ್ದು, ಯಾವುದೋ ಒಂದು ಕೋಶದಲ್ಲಿ ಇನ್ನೊಂದೂ ಕೆಟ್ಟರೆ, ಆ ಕೋಶದಲ್ಲಿ ತಪ್ಪುಗಳು ರಾಶಿ ಬೀಳುತ್ತಾ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದರೆ ಅದೇ ದೌರ್ಬಲ್ಯ ಚಿಕಿತ್ಸೆಗೂ ದಾರಿ ಮಾಡಿಕೊಡುತ್ತದೆ: ಇಂಥ ಕೋಶಗಳು ಬದುಕಲು ಪಾರ್ಪ್ ಎಂಬ ಕಿಣ್ವದ ದುರಸ್ತಿಯನ್ನು ನೆಚ್ಚಿಕೊಂಡಿರುವುದರಿಂದ, ಅದನ್ನು ತಡೆಯುವ ಒಲಾಪರಿಬ್ ಮಾತ್ರೆಗೆ ಅವು ಸಾಯುತ್ತವೆ. ಬಿಆರ್‌ಸಿಎ ದೋಷವಿರುವ, ಕೀಮೊಗೆ ಸ್ಪಂದಿಸಿದ ಮಹಿಳೆಯರಲ್ಲಿ ರೋಗ ಉಲ್ಬಣಿಸುವ ಅಥವಾ ಸಾವು ಸಂಭವಿಸುವ ಅಪಾಯವನ್ನು ಈ ಮಾತ್ರೆ ಶೇ. 70ರಷ್ಟು ತಗ್ಗಿಸಿತೆಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಕೀಮೊ ಮುಗಿದ 8 ವಾರಗಳೊಳಗೆ ಇದನ್ನು ಶುರು ಮಾಡಬೇಕು. ಅಂದರೆ ನಮಗೆ ಆ ವರದಿ ಬರೀ ಕಾಗದವಾಗಿರಲಿಲ್ಲ.

"ಬೆಂಗಳೂರಿಗೆ ಯಾಕೆ ಅಲೆಯುತ್ತೀರಿ ಸಾರ್, ಅದೇ ಟೆಸ್ಟು ನಮ್ಮಲ್ಲೂ ಇದೆ, ರಕ್ತವೂ ಬೇಡ, ಎಂಜಲು ಸಾಕು" ಎಂದರು ಆ ಸೆಂಟರಿನವರು. ಡಾಕ್ಟರ ಚೀಟಿಯನ್ನು ಅವರ ಮುಂದೆಯೇ ಇಟ್ಟು, ಇದೇ ಪರೀಕ್ಷೆಯೇ ಎಂದು ಕೇಳಿದೆ. "ಇದೇ ಸಾರ್" ಎಂದರು. ನಮ್ಮ ಸೋದರತ್ತೆ ಸ್ತನ ಕ್ಯಾನ್ಸರಿನಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದನ್ನು ಹೇಳಿದರೆ, "ಅದು ತಂದೆ ಕಡೆ, ಲೆಕ್ಕಕ್ಕೆ ಬರಲ್ಲ" ಎಂದರು. ಇದು ಶುದ್ಧ ಸುಳ್ಳು. ಈ ದೋಷ ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಶೇ. 50.

ವರದಿಯ ಮೊದಲ ಪುಟದಲ್ಲಿ ದೊಡ್ಡ ಹಸಿರು ಗುರುತು, ಅದರ ಕೆಳಗೆ "ದೋಷ ಕಂಡುಬಂದಿಲ್ಲ". ಡಾಕ್ಟರು ಆ ಪುಟವನ್ನು ನೋಡಲೇ ಇಲ್ಲ. ನೇರವಾಗಿ ಕೊನೆಯ ಪುಟ ತೆಗೆದು, ಕನ್ನಡಕ ಮೇಲೆತ್ತಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಪೆನ್ನಿನ ತುದಿಯಿಟ್ಟು, "ಇವರು ನೋಡಿರುವುದು ಮೂರೇ ಮೂರು ಮ್ಯುಟೇಶನ್" ಎಂದರು. ಆ ಮೂರೂ ಮುಖ್ಯವಾಗಿ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವಂಥವು. ಈ ಎರಡು ಜೀನ್‌ಗಳಲ್ಲಿ ರೋಗ ತರಬಲ್ಲ ದೋಷಗಳು ಸಾವಿರಾರು, ಜೀನಿನ ಉದ್ದಕ್ಕೂ ಎಲ್ಲೆಂದರಲ್ಲಿ ಇರಬಹುದು. ಹೋಬಳಿಯ ಮೂರು ಸರ್ವೆ ನಂಬರುಗಳ ಪಹಣಿ ನೋಡಿ, ಇಡೀ ಹೋಬಳಿಯಲ್ಲಿ ಎಲ್ಲೂ ತಕರಾರಿಲ್ಲವೆಂದು ಬರೆದುಕೊಟ್ಟ ಹಾಗೆ ಇದು. ಡಾಕ್ಟರ ಎದುರು, ಅಕ್ಕನ ಎದುರು, ಹಿಂದೆ ಸರದಿಯಲ್ಲಿ ಕೂತವರ ಎದುರು ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಮಾತ್ರ, "ಹಾಗಾದರೆ ನನಗೆ ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲವಾ?" ಎಂದು ಮೆಲ್ಲಗೆ ಕೇಳಿದಳು.

ಸೆಂಟರಿನಲ್ಲಿ ಕೇಳಲು ಹೋದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. "ನೆಗೆಟಿವ್ ಬಂದಿದೆಯಲ್ಲ ಸಾರ್, ಸಂತೋಷಪಡಬೇಕು." "ಕೊನೆಯ ಪುಟದಲ್ಲಿ ಎಲ್ಲಾ ಬರೆದಿದೆ, ನೀವು ಸಹಿ ಹಾಕಿದ್ದೀರಿ." "ನಾವು ಸ್ಯಾಂಪಲ್ ಕಳಿಸುವವರು ಅಷ್ಟೇ, ಲ್ಯಾಬಿನವರನ್ನು ಕೇಳಿ." ಲ್ಯಾಬಿನವರ ನಂಬರಿಗೆ ಮಾಡಿದರೆ, ಸೆಂಟರಿನಲ್ಲೇ ವಿಚಾರಿಸಿ ಎಂದರು. ಇಷ್ಟೆಲ್ಲಾ ಆದಮೇಲೂ, ಅಕ್ಕನ ಬಯಾಪ್ಸಿ ವರದಿಯಲ್ಲಿ ಪಿ53 ಅಸಹಜವೆಂದು ಇರುವುದನ್ನು ನೋಡಿ, ಆ ಜೀನನ್ನು "ಮತ್ತೆ ಎಬ್ಬಿಸುವ" ಪುಡಿಯೊಂದನ್ನು ನನ್ನ ಮುಂದಿಟ್ಟರು. ಆ ಕ್ಷಣದಲ್ಲಿ ನನ್ನ ಕೈ ನಡುಗಿತು. ಕೆಟ್ಟ ಕೋಶದ ವಿಭಜನೆಯನ್ನು ನಿಲ್ಲಿಸುವ, ಸರಿಹೋಗದಿದ್ದರೆ ಅದನ್ನು ಸಾಯಿಸುವ ಪ್ರೋಟೀನು ಪಿ53. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದರ ಜೀನ್ ಕೆಟ್ಟಿರುತ್ತದೆ, ಅಕ್ಕನಿಗಿರುವ ಬಗೆಯ ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ. ಡಬ್ಬಿಯ ಪುಡಿ ಅದನ್ನು ಸರಿಪಡಿಸುವುದಿಲ್ಲ. ಪುಡಿ ಮಾರುವವರಿಗೆ ಇದು ಗೊತ್ತಿಲ್ಲವೇ?

ಆಮೇಲೆ ಆಸ್ಪತ್ರೆಯಲ್ಲೇ ಜೆನೆಟಿಕ್ ಕೌನ್ಸೆಲರ್ ನಮ್ಮ ವಂಶದ ವಿವರವನ್ನೆಲ್ಲ ಕೇಳಿ ಬರೆದುಕೊಂಡು, ರಕ್ತ ತೆಗೆಸಿ, ಎರಡೂ ಜೀನ್‌ಗಳನ್ನು ಪೂರ್ತಿ ಓದಿಸಿದರು. ಜೀನಿನ ದೊಡ್ಡ ತುಣುಕೇ ಕಾಣೆಯಾಗಿದೆಯೇ ಎಂಬುದನ್ನೂ ಬೇರೆಯಾಗಿ ನೋಡಿಸಿದರು. ಬಿಆರ್‌ಸಿಎ1ರಲ್ಲಿ ದೋಷ ಸಿಕ್ಕಿತು. ಹಸಿರು ಗುರುತು ಹಾಕಿ "ಇಲ್ಲ" ಎಂದಿದ್ದ ಅದೇ ಜೀನಿನಲ್ಲಿ! ಗಡುವು ಮುಗಿಯುವ ಮುನ್ನ ಅಕ್ಕನಿಗೆ ಮಾತ್ರೆ ಶುರುವಾಗಿದೆ. ಈಗ ನಾನೂ ನನ್ನ ತಮ್ಮನೂ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ.

ಹಣ ಕೊಡುವ ಮೊದಲೇ, ಜೀನ್ ಪೂರ್ತಿ ಓದುತ್ತಾರೆಯೇ ಅಥವಾ ಆಯ್ದ ಕೆಲವು ದೋಷಗಳನ್ನಷ್ಟೇ ನೋಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಇಂಥ ಎಂಜಲಿನ ಪರೀಕ್ಷೆಯನ್ನು ಈಗಾಗಲೇ ಮಾಡಿಸಿ "ದೋಷವಿಲ್ಲ" ಎಂದು ನೆಮ್ಮದಿಯಾಗಿರುವವರು ಇವತ್ತೇ ವರದಿಯ ಕೊನೆಯ ಪುಟ ತೆಗೆದು, ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ತೋರಿಸಿ. ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ. ಇದೇ ರೀತಿ ಮೋಸ ಹೋದವರು ರಸೀದಿಯನ್ನು ಎಸೆಯದೆ ಇಟ್ಟುಕೊಂಡಿರಿ.